ಥರ್ಡ್ ಪಾರ್ಟಿ

ಬೀದರಿನ ಆರ್‌ಟಿಓ ಆಫೀಸಿನೆದುರು, ಬೇವಿನ ಕೆಳಗೆ
ಒಂದು ಟೇಬಲ್ಲು, ಎರಡು ಸ್ಟೂಲು,
ಫಾರಂ ಹಾರದಂತೆ ಮೇಲೊಂದು ಜಂಬಿಟ್ಟಿಗೆ ಚೂರು.
ಹದಿನೇಳು ವರ್ಷದ ನನ್ನ ದಂಧೆ ಇಷ್ಟೇ:
ಗುದ್ದುವವನಿಂದ ರೊಕ್ಕ ಇಸಗೊಂಡು
ಗುದ್ದಿಸಿಕೊಳ್ಳುವವನ ಹೆಸರಿಗೆ ಜಾಗ ಖಾಲಿ ಬಿಡುವುದು.
ಆ ಖಾಲಿ ಜಾಗಕ್ಕೆ ಥರ್ಡ್ ಪಾರ್ಟಿ ಅಂತಾರೆ.
ಆಟೋಕ್ಕೂ ಅದ, ಟಂಟಂಗೂ ಅದ,
ಕಬ್ಬಿನ ಟ್ರ್ಯಾಕ್ಟರಿಗೆ ಇರಲೇಬೇಕು,
ಇಲ್ಲಾಂದ್ರೆ ನೌಬಾದದ ಹತ್ತಿರ ಸೀಟಿ ಊದುತ್ತಾರೆ.

ಮಂಗಳವಾರ ಪುತಳಾಬಾಯಿ ಬಂದಳು,
ಮೆರವಣಿಗೆಗೆ ಲೈಟು ಹೊರುವಾಕೆ.
ನೆತ್ತಿಯ ಮೇಲೆ ಸಿಂಬಿ ಕೂತು ಸವೆದ ಕೂದಲು,
ಎಡಗಣ್ಣಿದ್ದಲ್ಲಿ ಹೊಲಿದ ಚೀಲದ ಬಾಯಿ.
ದವಾಖಾನೆ ಕಾಗದ ತೆಗೆದು ತಾನೇ ಇಟ್ಟಳು
ಜಂಬಿಟ್ಟಿಗೆಯ ಕೆಳಗೆ.

"ವೈಜಿನಾಥರಾವರ ಮಗನ ಲಗ್ನ ರೀ. ವರ ಕುದುರಿ ಏರಿದ್ದ.
ಅವನ ಕಾಕಾ ಖುಷಿಗಿ ಬಂದೂಕ ಹಾರಿಸ್ದ.
ಮ್ಯಾಲೇ ಹಾರಿಸ್ದ, ನಾ ಸುಳ್ಳ್ಯಾಕ ಹೇಳ್ಲಿ.
ಛಜ್ಜಾಕ್ಕ ಬಡದು ಛರ್ರಾ ತಿರುಗಿ ಬಂತು.
ಬೆಳಕ ನನ್ನ ತಲಿ ಮ್ಯಾಲಿತ್ತಲ್ರಿ,
ಅದಕ್ಕ ನನ್ನ ಹುಡುಕೋದು ಸಸಾರ ಆತು."

ಒಂದು ಸೀರೆ, ಐದು ಸಾವಿರ, ದವಾಖಾನೆಗೆ ಎರಡು ಸಲ ಕಾರು.
ಕೇಸಿನಲ್ಲಿ ಬರೆದದ್ದು: ಕೈತಪ್ಪಿ.

"ಕುದುರಿಗೂ ಇನ್ಶುರೆನ್ಸ್ ಅದ ಅಂತ್ರಿ, ಜನರೇಟರ್ ಗಾಡಿಗಿ ಅದ.
ಒಡೆದ ಲೈಟಿಂದು ಸೇಠ ನನ್ನ ಪಗಾರದಾಗ ಮುರ್ಕೊಂಡ.
ಬಂದೂಕಿಗಿ ಏನರ ಅದ ಏನ್ರಿ? ನಂಬರ ತಂದೀನಿ."
ಲಗ್ನಪತ್ರಿಕೆಯ ಬೆನ್ನಿಗೆ, ಯಾರೋ ಪೊಲೀಸ್ ಹುಡುಗನ
ದುಂಡನೆಯ ಅಕ್ಷರದಲ್ಲಿ, ಆ ನಂಬರು.

ಇಲ್ಲವ್ವ, ಲೈಸೆನ್ಸ್ ಒಂದೇ ಇರತದ.
"ಅದರಾಗ ಏನ್ ಬರದಾರ?"
ಬೆಳೆ ರಕ್ಷಣೆ ಅಂತ.
ಆಕೆ ನಕ್ಕಳು. "ಬೆಳಿ ಛಲೋ ಬಂದದ ರೀ ಅವ್ರದು."

ನಾನು ಹೇಳಲಿಲ್ಲ:
ನಮ್ಮ ಮಂಚದ ಕೆಳಗೂ ಒಂದು ಅದ.
ಅಪ್ಪ ಮಾಣಿಕಪ್ಪ ಬ್ಯಾಂಕಿನ ಗೇಟಿನಲ್ಲಿ ಇಪ್ಪತ್ತೆರಡು ವರ್ಷ
ಬುತ್ತಿ ಡಬ್ಬಿಯ ಪಕ್ಕ ಅದನ್ನು ನಿಲ್ಲಿಸಿಕೊಂಡು ಕೂತ,
ಒಮ್ಮೆಯೂ ಹಾರಿಸಲಿಲ್ಲ. ಈಗ ನನ್ನ ಹೆಸರಿಗಿದೆ.
ಇಲೆಕ್ಷನ್ ಬಂದಾಗ ಠಾಣೆಗೆ ಕೊಟ್ಟು ರಸೀದಿ ತರುತ್ತೇನೆ.
ಆ ದಿನಗಳಲ್ಲಿ ಮಾತ್ರ ನನ್ನ ಹೆಂಡತಿ ಕಸ ಹೊಡೆಯುವಾಗ
ಮಂಚದ ಕೆಳಗೆ ಪೂರ್ತಿ ಕೈ ಚಾಚುತ್ತಾಳೆ.

ಸಂಜೆ, ಗಿರಾಕಿ ಇಲ್ಲದಾಗ, ಒಂದು ಬೈಕಿನ ಫಾರಂ ತಗೊಂಡೆ.
ವಾಹನ ಎಂಬುದಕ್ಕೆ ಗೀಟು ಹಾಕಿ ಬಂದೂಕು ಎಂದು ಬರೆದೆ.
ಇಂಧನ: ಖುಷಿ. ಹೊಡೆದುಹಾಕಿ, ಸಿಟ್ಟು.
ಅದನ್ನೂ ಹೊಡೆದುಹಾಕಿ, ಸೆರೆ. ಮೂರೂ ಇರಲಿ.
ರಾತ್ರಿ ಎಲ್ಲಿ ನಿಲ್ಲಿಸುತ್ತೀರಿ? ಮಂಚದ ಕೆಳಗೆ.
ಆಮೇಲೆ ಫಾರಂನಲ್ಲಿ ಇಲ್ಲದ ಪ್ರಶ್ನೆ ಬರತೊಡಗಿದವು.
ಬೀಗದ ಕೀಲಿ? ಮೊಳೆಗೆ.
ಮೊಳೆ ಎಷ್ಟು ಎತ್ತರ?
ಮಗಳು ಈ ಬೇಸಿಗೆಯಲ್ಲಿ ಎಷ್ಟು ಬೆಳೆದಳು?

ಅಪ್ಪ ಹಾರಿಸದ ಇಪ್ಪತ್ತೆರಡು ವರ್ಷಕ್ಕೆ
ನೋ ಕ್ಲೇಮ್ ಬೋನಸ್ ಕಳೆದೆ. ಆದರೂ ಕಂತು ದುಬಾರಿ ಬಂತು.
ರೊಕ್ಕ ಕಣ್ಣಾಗುವುದಿಲ್ಲ, ಗೊತ್ತು.
ಆದರೆ ವರ್ಷಕ್ಕೊಮ್ಮೆ ನೋಟು ಎಣಿಸುವಾಗಲಾದರೂ
ಎದುರಿಗೆ ಒಬ್ಬಾಕೆ ಬೆಳಕು ಹೊತ್ತು ನಿಂತಿದ್ದಾಳೆಂದು
ಬೆರಳಿಗೆ ತಿಳಿಯಬೇಡವೇ?

ಕಲಬುರಗಿಯ ಮ್ಯಾನೇಜರ್ ಫೋನಿನಲ್ಲಿ ನಕ್ಕ:
"ಸಿಸ್ಟಮ್ಮಿನಾಗ ಆ ಕಾಲಮ್ಮೇ ಇಲ್ಲ ಮಾರಾಯಾ."

ಶುಕ್ರವಾರ ಪುತಳಾಬಾಯಿ ಕಾಗದ ವಾಪಸು ಒಯ್ದಳು.
ಭಾಲ್ಕಿಯಲ್ಲಿ ಲಗ್ನವಂತೆ. ಪಗಾರು ಐವತ್ತು ಜಾಸ್ತಿ.

ಮನೆಗೆ ಬಂದು ಮೊದಲು ಆ ಮೊಳೆ ಕಿತ್ತೆ.
ಗಿಲಾವು ಉದುರಿ ಗೋಡೆಯಲ್ಲಿ ತೂತು ಉಳಿಯಿತು.
ಹೋಂವರ್ಕ್ ಪುಸ್ತಕದಿಂದ ತಲೆಯೆತ್ತದೆ
ಮಗಳು ಕೇಳಿದಳು:
"ಹಂಗಾರ ಕೀಲಿ ಇನ್ಮ್ಯಾಲ ಎಲ್ಲಿಡ್ತಿ, ಪಪ್ಪಾ?"